ರಾವಣನ ರಾಗ ರಘುಪ್ರಿಯ

ಕೆಮಿಸ್ಟ್ರಿ ಓದುವ ಹುಡುಗಿಯನ್ನು ನಾಮಕರಣದ ಮನೆಯಲ್ಲಿ ಎಬ್ಬಿಸಿ ನಿಲ್ಲಿಸಿ ‘ಎಲ್ಲಿ, ಒಂದಿಷ್ಟು ಆ್ಯಸಿಡ್ ಮಾಡಿ ತೋರಿಸಮ್ಮ’ ಎಂದು ಯಾರೂ ಕೇಳುವುದಿಲ್ಲ. ಬಿ.ಕಾಂ. ಹುಡುಗನ ಮುಂದೆ ಊಟದ ಪಂಕ್ತಿಯಲ್ಲಿ ಯಾರೂ ಜಮಾಖರ್ಚಿನ ಪುಸ್ತಕ ತಂದಿಡುವುದಿಲ್ಲ. ಸಂಗೀತದಲ್ಲಿ ಡಿಗ್ರಿ ಮಾಡುವವಳ ಪಾಡೇ ಬೇರೆ. ಅವಳು ಎಲೆಯ ಮುಂದೆ ಕೂತು ಕೋಸಂಬರಿಗೆ ಕೈ ಹಾಕುವಷ್ಟರಲ್ಲಿ ಸೋದರತ್ತೆಯೊಬ್ಬರು ‘ನಮ್ಮ ಹುಡುಗಿ ಮೈಸೂರಲ್ಲಿ ಸಂಗೀತ ಓದ್ತಿದಾಳೆ, ಈಗ ಒಂದು ಹಾಡು ಹೇಳ್ತಾಳೆ’ ಎಂದು ಸಾರಿಬಿಟ್ಟಿರುತ್ತಾರೆ. ಹಾಡು ಶುರುವಾಗುವುದಕ್ಕೂ ಸಾರಿನ ಬಕೆಟ್ಟು ಪಂಕ್ತಿಗೆ ಇಳಿಯುವುದಕ್ಕೂ ಸರಿಹೋಗುತ್ತದೆ. ಪಲ್ಲವಿ ಮುಗಿಯುವ ಹೊತ್ತಿಗೆ ಆ ಅತ್ತೆಯೇ ಪಕ್ಕದವರ ಹತ್ತಿರ ಸೀರೆಯ ಬೆಲೆ ವಿಚಾರಿಸುತ್ತಿರುತ್ತಾರೆ.

ಅದಕ್ಕೆ ನನ್ನ ತಕರಾರಿಲ್ಲ. ಹಾಡಿನ ನಡುವೆ ಸಾರು ಬೇಡ ಎನ್ನಲು ನಾನೇನು ಆಸ್ಥಾನ ವಿದುಷಿಯೇ? ನನ್ನ ಕೊರಗು ಇನ್ನೊಂದು. ಇಷ್ಟು ವರ್ಷಗಳಲ್ಲಿ ಒಬ್ಬರಾದರೂ, ಒಂದು ಸೀಮಂತದಲ್ಲಾದರೂ, ‘ಎಲ್ಲಿ, ತಾಳದ ದಶಪ್ರಾಣ ಯಾವುದು ಹೇಳಮ್ಮ’ ಎಂದು ಕೇಳಲಿಲ್ಲ. ಕೇಳಿದ್ದರೆ ಕಾಲ, ಮಾರ್ಗ, ಕ್ರಿಯೆ ಎಂದು ಹಿಡಿದು ಯತಿ, ಪ್ರಸ್ತಾರದವರೆಗೆ, ಉಪ್ಪಿನಕಾಯಿಯಿಂದ ಪಾಯಸ ಬರುವ ತನಕ ಬಿಡದೆ ಹೇಳುತ್ತಿದ್ದೆ. ಸಂಗೀತದ ಪದವಿಯಲ್ಲಿ ಥಿಯರಿ ಪೇಪರು ಎಂದರೆ ಎಲ್ಲರಿಗೂ ತಾತ್ಸಾರ. ಹಾಡಲು ಬಾರದವರು ಶಾಸ್ತ್ರ ಹೇಳುತ್ತಾರೆ ಎಂದು ವಿದ್ವಾಂಸರು ನಗುತ್ತಾರೆ. ಪಾಸಾದರೆ ಸಾಕು ಎಂದು ಹುಡುಗಿಯರು ಗೈಡು ಉರು ಹೊಡೆಯುತ್ತಾರೆ. ನನಗೋ, ಆ ಪದವಿಯಲ್ಲಿ ದುಡ್ಡು ಕೊಟ್ಟಿದ್ದಕ್ಕೂ ಮೋಸವಿಲ್ಲದೆ ಸಿಕ್ಕಿದ್ದು ಅದೊಂದೇ ಪೇಪರು ಎಂದು ಈಗಲೂ ಅನ್ನಿಸುತ್ತದೆ. ಹಾಡನ್ನು ಯಾವ ಮೇಷ್ಟ್ರ ನಡುಮನೆಯಲ್ಲಿ ಬೇಕಾದರೂ ಕಲಿಯಬಹುದಿತ್ತು.

ಅರಸೀಕೆರೆಯಲ್ಲಿ ನಾನು ಕಲಿತದ್ದೂ ಹಾಗೇ. ಜೂನಿಯರ್, ಸೀನಿಯರ್ ಎರಡನ್ನೂ ಪಾಸು ಮಾಡಿಸಿದ ನಮ್ಮ ಮೇಷ್ಟ್ರಿಗೆ ಪಾಠ ಶುರುವಾಗುವ ಹೊತ್ತು ಗೊತ್ತಿತ್ತು, ಮುಗಿಯುವ ಹೊತ್ತು ಅವರಿಗೂ ಗೊತ್ತಿರಲಿಲ್ಲ. ವರ್ಣ ಎರಡನೇ ಕಾಲದಲ್ಲಿ ಕೂರುವ ತನಕ, ಇಲ್ಲವೇ ಒಳಗಿನಿಂದ ಕಾಫಿ ಬರುವ ತನಕ. ಪಿಯುಸಿ ಮುಗಿದು, ಮೈಸೂರಿನಲ್ಲಿ ಸಂಗೀತದ ಡಿಗ್ರಿ ಮಾಡುತ್ತೇನೆ ಎಂದಾಗ ನಮ್ಮಣ್ಣ (ತಂದೆಯನ್ನು ನಾವು ಕರೆಯುತ್ತಿದ್ದದ್ದು ಹಾಗೆ) ಪೇಪರು ಮಡಿಸಿಟ್ಟು ‘ಮುಂದೆ?’ ಎಂದು ಕೇಳಿದರು. ‘ಮುಂದೆ ಬಿ.ಇಡಿ.’ ಎಂದೆ. ಅಲ್ಲಿಗೆ ಅವರ ಮನಸ್ಸು ತಿಳಿಯಾಯಿತು. ಹಾಸನ, ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋಗುವ ರೈಲಿನಲ್ಲಿ ಹಾಸಿಗೆ, ಟ್ರಂಕು, ಶ್ರುತಿಪೆಟ್ಟಿಗೆಗಳ ಸಮೇತ ಹತ್ತಿಸಿದರು.

ಯಾವ ಕಾಲೇಜು ಎಂದು ಹೇಳುವುದಿಲ್ಲ, ಏಕೆಂದರೆ ಅಲ್ಲಿಯ ಗಂಟೆಯ ಬಗ್ಗೆ ಎರಡು ಮಾತು ಹೇಳುವುದಿದೆ. ಅದು ಮರಕ್ಕೆ ನೇತುಹಾಕಿದ ರೈಲುಕಂಬಿಯ ತುಂಡು. ಐವತ್ತು ನಿಮಿಷಕ್ಕೊಮ್ಮೆ ಅಟೆಂಡರು ಅದಕ್ಕೆ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಮೇಡಂ ತೋಡಿಯ ಗಾಂಧಾರವನ್ನು ಓಲಾಡಿಸಿ ಓಲಾಡಿಸಿ ತೋರಿಸುತ್ತಾ, ನಾವು ಇನ್ನೇನು ಹಿಡಿದೆವು ಎನ್ನುವಾಗ ‘ಠಣ್’. ಮುಂದಿನದು ಪರಿಸರ ಅಧ್ಯಯನ. ಗಾಂಧಾರವನ್ನು ಅಲ್ಲೇ ಗಾಳಿಯಲ್ಲಿ ಬಿಟ್ಟು ಓಝೋನ್ ಪದರ ನೋಡಲು ಹೋಗಬೇಕು. ಆ ಕಂಬಿಯ ನಾದ ಯಾವ ಸ್ವರ ಎಂಬುದರ ಮೇಲೆ ನಮ್ಮಲ್ಲಿ ಎರಡು ಪಂಗಡಗಳಿದ್ದವು. ಒಂದರ ಪ್ರಕಾರ ಶುದ್ಧ ರಿಷಭ, ಇನ್ನೊಂದರ ಪ್ರಕಾರ ಷಡ್ಜಕ್ಕೂ ರಿಷಭಕ್ಕೂ ನಡುವಿನ ಅನಾಥ ಶ್ರುತಿ. ಅದು ಯಾರ ಷಡ್ಜವನ್ನು ಲೆಕ್ಕಕ್ಕಿಟ್ಟುಕೊಂಡು ಎಂದು ಮಾತ್ರ ಯಾರೂ ಕೇಳಲಿಲ್ಲ.

ಷಡ್ಜದ್ದೇ ದೊಡ್ಡ ರಗಳೆ. ನನ್ನ ಶ್ರುತಿ ಐದೂವರೆ ಮನೆ. ಪಕ್ಕದವಳದು ನಾಲ್ಕೂವರೆ. ಹಿಂದೆ ಕೂರುತ್ತಿದ್ದ ಎತ್ತರದ ಹುಡುಗಿಯದು ನಾಲ್ಕು. ಗುರುವಿನ ಎದುರು ಒಬ್ಬಳೇ ಕೂತರೆ ಅವರವರ ಮನೆಯಲ್ಲಿ ಅವರವರು ಸುಖವಾಗಿರಬಹುದು, ಕ್ಲಾಸ್‌ರೂಮಿನಲ್ಲಿ ಹಾಗಾಗುವುದಿಲ್ಲ. ಎಲ್ಲರಿಗೂ ಸೇರಿ ಐದು ಮನೆ ಎಂದು ತೀರ್ಮಾನವಾಯಿತು. ಮಂದ್ರ ನನಗೆ ಎಟುಕುತ್ತಿರಲಿಲ್ಲ, ತಾರಸ್ಥಾಯಿಯಲ್ಲಿ ಆ ಎತ್ತರದ ಹುಡುಗಿಗೆ ಕೆಮ್ಮು ಬರುತ್ತಿತ್ತು. ಪೂರ್ತಿ ಕ್ಲಾಸಿಗೇ ಸಲ್ಲದ ಒಂದು ಶ್ರುತಿಯಲ್ಲಿ ಎಲ್ಲರೂ ಕೂಡಿ ಹಾಡುತ್ತಿದ್ದೆವು. ಪ್ರಜಾಪ್ರಭುತ್ವದ ಬಗ್ಗೆ ಸಂವಿಧಾನದ ಪೇಪರಿನಲ್ಲಿ ಬರೆಯಬೇಕಾಗಿ ಬಂದಾಗ ನನಗೆ ಕಷ್ಟವೇ ಆಗಲಿಲ್ಲ.

ವೀಣೆಯ ಹುಡುಗಿಯರ ಸಂಕಟ ಇದಕ್ಕಿಂತ ಮಿಗಿಲು. ಹಲಸಿನ ಮರದ ಆ ದೇವತೆಯನ್ನು ಸಿಟಿ ಬಸ್ಸಿಗೆ ಹತ್ತಿಸಿದರೆ ಕಂಡಕ್ಟರು ತಲೆಯಿಂದ ಬಾಲದವರೆಗೆ ನೋಡಿ ‘ಇದಕ್ಕೆ ಲಗೇಜು’ ಎನ್ನುತ್ತಿದ್ದರು. ‘ಸರಸ್ವತಿ ಸಾರ್’ ಎಂದರೆ ‘ಹಂಗಾದ್ರೆ ಫುಲ್ ಟಿಕೆಟ್ ತಗೊಳಮ್ಮ’ ಎಂದರಂತೆ ಒಬ್ಬರು. ವೀಣೆ ಶೇಷಣ್ಣನವರು ಬಾಳಿದ ಊರಿನಲ್ಲಿ ಈ ಮಾತು!

ಆ ಊರಿಗೂ ವಿಶ್ವವಿದ್ಯಾನಿಲಯಕ್ಕೂ ಸಂಗೀತದ ವಿಷಯದಲ್ಲಿ ಸಂಬಂಧ ಕುದುರಿದ್ದು ನಿಧಾನವಾಗಿಯೇ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾದಾಗ ಶೇಷಣ್ಣನವರು ಇನ್ನೂ ಇದ್ದರು, ವಾಸುದೇವಾಚಾರ್ಯರಿಗೆ ಐವತ್ತು ದಾಟಿತ್ತು. ಪ್ರೊಫೆಸರುಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಅರಮನೆಯ ಕಡೆ ನಾಲ್ಕು ಹೆಜ್ಜೆ ನಡೆದಿದ್ದರೆ ಸಾಕಿತ್ತು. ಆದರೆ ಸಂಗೀತ, ನೃತ್ಯಕ್ಕೆಂದೇ ವಿಶ್ವವಿದ್ಯಾನಿಲಯದ ಕಾಲೇಜು ಬಂದದ್ದು ಅರವತ್ತರ ದಶಕದಲ್ಲಿ. ಅಷ್ಟರಲ್ಲಿ ಉತ್ತರದವರು ಮುಂದೆ ಹೋಗಿದ್ದರು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲೇ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. 1926ರಲ್ಲಿ ಭಾತಖಂಡೆಯವರು ಲಖನೌದಲ್ಲಿ ಕಾಲೇಜು ಕಟ್ಟಿದರು. ಭಾತಖಂಡೆ ವೃತ್ತಿಯಿಂದ ವಕೀಲರು ಎಂಬುದು ನನಗೆ ಯಾವಾಗಲೂ ಅರ್ಥಪೂರ್ಣವಾಗಿ ಕಾಣುತ್ತದೆ. ರಾಗಗಳನ್ನು ಸಾಕ್ಷಿಕಟ್ಟೆಗೆ ಹತ್ತಿಸಿ ‘ನಿನ್ನ ವಾದಿ ಯಾರು, ಸಂವಾದಿ ಯಾರು’ ಎಂದು ಕೇಳಲು ಬೇರೆ ಯಾರಿಗೆ ತೋಚೀತು?

ಗುರುಕುಲದವರು ಇದನ್ನೆಲ್ಲ ಕಂಡು ಮೂಗು ಮುರಿಯುವುದುಂಟು. ಅವರ ಕೈಯಲ್ಲಿ ಗಟ್ಟಿ ಸಾಕ್ಷಿಗಳೂ ಇವೆ. ವಾಸುದೇವಾಚಾರ್ಯರು ಮಹಾರಾಜರ ನೆರವಿನಿಂದ ತಿರುವೈಯಾರಿಗೆ ಹೋಗಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಇದ್ದು ಕಲಿತರು; ಅಲ್ಲಿ ಇಂಟರ್ನಲ್ ಮಾರ್ಕ್ಸ್ ಇರಲಿಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಬಳಿಗೆ ಹೋಗಿ ಬರುತ್ತಿದ್ದರು. ಶೇಕಡ 75 ಹಾಜರಿ ಇದ್ದರೆ ಮಾತ್ರ ಹಾಡಬಹುದು ಎಂದು ಅವರಿಗೆ ಯಾರೂ ಹೇಳಲಿಲ್ಲ. ಶಾಲೆಯನ್ನು ಎಳವೆಯಲ್ಲೇ ಬಿಟ್ಟ ಆ ತಾಯಿಯ ಹೆಸರಿನಲ್ಲಿ ಈಗ ಒಂದು ವಿಶ್ವವಿದ್ಯಾಲಯವೇ ಇದೆ, ಅದೂ ಮೈಸೂರಿನಲ್ಲಿ. ಕಿರಾಣಾ ಘರಾಣೆಯ ಹೆಸರು, ಕರ್ನಾಟಕ ಸಂಗೀತದ ಕೋಟೆ. ಎರಡು ಬಾನಿಗಳ ನಡುವೆ ಇದಕ್ಕಿಂತ ಒಳ್ಳೆಯ ಬೀಗತನ ಸರ್ಕಾರ ಬೇರೆ ಮಾಡಿಸಿದ್ದು ನನಗೆ ಗೊತ್ತಿಲ್ಲ.

ಆದರೂ ಪರೀಕ್ಷೆ ಎಂದರೆ ಕಲೆಗೆ ಅವಮಾನ ಎನ್ನುವವರಿಗೆ ನಾನು ಮೆಲ್ಲಗೆ ಜಯಚಾಮರಾಜೇಂದ್ರ ಒಡೆಯರ ಹೆಸರು ಹೇಳುತ್ತೇನೆ. ತೊಂಬತ್ತನಾಲ್ಕು ಕೃತಿ ರಚಿಸಿದ ದೊರೆ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗಿತ್ತು. ಪಿಯಾನೊದ ಮುಂದೆ ಸಿಂಹಾಸನಕ್ಕೆ ಬೆಲೆಯಿಲ್ಲ. ಮಹಾರಾಜರೇ ಸಂಗೀತದ ಪದವಿ ಪಡೆದ ಮೇಲೆ ಅರಸೀಕೆರೆಯವಳದೇನು?

ಥಿಯರಿಗೆ ಬರುತ್ತೇನೆ. ಅದರ ಸಿಲಬಸ್ಸನ್ನು ನೋಡಿದರೆ ಯಾರಿಗಾದರೂ ನಿದ್ದೆ ಬರಬೇಕು: ವಾಗ್ಗೇಯಕಾರರ ಜೀವನ, ರಾಗಲಕ್ಷಣ, ಗಮಕಗಳು, ಗ್ರಂಥ ಪರಿಚಯ. ಆ ಗ್ರಂಥ ಪರಿಚಯದಲ್ಲಿ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ ಇತ್ತು. 13ನೇ ಶತಮಾನದವನು, ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಮುಖ್ಯಾಧಿಕಾರಿ. ಸಂಗೀತದ ಮಹಾಗ್ರಂಥ ಬರೆದವನು ಅಕೌಂಟ್ಸ್ ಡಿಪಾರ್ಟ್‌ಮೆಂಟಿನವನು ಎಂದು ತಿಳಿದಾಗಲೇ ನನಗೆ ಅವನ ಮೇಲೆ ವಿಶ್ವಾಸ ಬಂತು. ಅವನು ಎಲ್ಲವನ್ನೂ ಎಣಿಸುತ್ತಾನೆ. ಹಾಡುವವರ ದೋಷಗಳನ್ನೂ ಎಣಿಸಿ ಇಪ್ಪತ್ತೈದು ಎಂದು ಷರಾ ಬರೆದಿದ್ದಾನೆ.

ಹಲ್ಲು ಕಚ್ಚಿಕೊಂಡು ಹಾಡುವವನು ಸಂದಷ್ಟ. ಹೆದರಿಕೊಂಡು ಹಾಡುವವನು ಭೀತ. ನೋಡಿದವರು ಹೆದರುವಂತೆ ಬಾಯಿ ತೆರೆಯುವವನು ಕರಾಲೀ. ಕಾಗೆಯ ದನಿಯವನು ಕಾಕೀ. ಒಂಟೆಯ ಹಾಗೆ ಕತ್ತು ನೀಡುವವನು ಕರಭ. ಮುಖದ, ಕೊರಳಿನ ನರ ಉಬ್ಬಿಸುವವನು ಝೋಂಬಕ, ಕೆನ್ನೆಯನ್ನು ಸೋರೆಬುರುಡೆಯಂತೆ ಊದಿಸುವವನು ತುಂಬಕೀ, ಕೈಕಾಲು ಬೀಸಾಡುವವನು ಪ್ರಸಾರೀ. ಮೂಗಿನಲ್ಲಿ ಹಾಡುವುದು ಸರಿ, ಅದು ಎಲ್ಲರಿಗೂ ಗೊತ್ತಿರುವ ದೋಷ. ಆದರೆ ಕಣ್ಣು ಮುಚ್ಚಿ ಹಾಡುವುದೂ ಪಟ್ಟಿಯಲ್ಲಿದೆ! ಅವನಿಗೆ ನಿಮೀಲಕ ಎಂದು ಹೆಸರು. ಈಗಿನ ಕಛೇರಿಯ ಪೋಸ್ಟರುಗಳಲ್ಲಿ ಕಣ್ಣು ಬಿಟ್ಟುಕೊಂಡಿರುವ ಕಲಾವಿದರನ್ನು ಹುಡುಕಿ ನೋಡಿ.

ಈ ಪಟ್ಟಿ ಕೈಗೆ ಸಿಕ್ಕ ದಿನದಿಂದ ನಮಗೆ ಕಛೇರಿಗೆ ಹೋಗುವುದು ಹಬ್ಬವಾಯಿತು. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಉತ್ಸವವಾಗಲಿ, ಶಿವರಾಮಪೇಟೆಯಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರವಾಗಲಿ, ಹಿಂದಿನ ಸಾಲಿನಲ್ಲಿ ಕೂತು ನೋಟ್‌ಬುಕ್ ತೆರೆಯುತ್ತಿದ್ದೆವು. ನಾವು ರಾಗ ಗುರುತಿಸುತ್ತಿದ್ದೇವೆ ಎಂದುಕೊಂಡು ಪಕ್ಕದ ಹಿರಿಯರು ಮೆಚ್ಚುಗೆಯಿಂದ ತಲೆಯಾಡಿಸುತ್ತಿದ್ದರು. ನಾವು ದೋಷಗಳಿಗೆ ಟಿಕ್ ಹಾಕುತ್ತಿದ್ದೆವು. ವಿಚಿತ್ರವೆಂದರೆ, ಎಂಟು ಹತ್ತು ಟಿಕ್ ಬಿದ್ದ ವಿದ್ವಾಂಸರೊಬ್ಬರು ಅಂದು ಹಾಡಿದ ಭೈರವಿಯನ್ನು ನಾನು ಇನ್ನೂ ಮರೆತಿಲ್ಲ. ಒಂದೂ ಟಿಕ್ ಬೀಳದ ಇನ್ನೊಬ್ಬರು ಏನು ಹಾಡಿದರೋ ಆ ರಾತ್ರಿ ಹಾಸ್ಟೆಲ್ ಸೇರುವಷ್ಟರಲ್ಲೇ ಮರೆತುಹೋಗಿತ್ತು. ಶಾರ್ಙ್ಗದೇವನೂ ಜಾಣನೇ, ದೋಷಗಳ ಪಕ್ಕದಲ್ಲಿ ಗುಣಗಳ ಪಟ್ಟಿಯನ್ನೂ ಇಟ್ಟಿದ್ದಾನೆ. ಅದು ಪರೀಕ್ಷೆಗೆ ಅಷ್ಟಾಗಿ ಬರುತ್ತಿರಲಿಲ್ಲವಾದ್ದರಿಂದ ನಾವು ಓದಲಿಲ್ಲ.

ಆದರೆ ಆ ಮೂರು ವರ್ಷಗಳ ನಿಜವಾದ ಸಂಪತ್ತು ಕಟಪಯಾದಿ. ಗೊತ್ತಿಲ್ಲದವರಿಗಾಗಿ ಒಂದು ಮಾತು. ಮೇಳಕರ್ತ ರಾಗಗಳು ಎಪ್ಪತ್ತೆರಡು. ಹದಿನೇಳನೇ ಶತಮಾನದಲ್ಲಿ ತಂಜಾವೂರಿನಲ್ಲಿ ವೆಂಕಟಮಖಿ ಲೆಕ್ಕ ಹಾಕಿಟ್ಟದ್ದು. ಇದಕ್ಕೆ ಒಂದು ಸೇರಿಸುವುದಾಗಲಿ ಕಳೆಯುವುದಾಗಲಿ ಸಾಕ್ಷಾತ್ ಮುಕ್ಕಣ್ಣನಿಗೂ ಆಗದು ಎಂಬ ಧೈರ್ಯ ಆತನದು. ಆಮೇಲಿನವರು ಆ ಮೇಳಗಳ ಹೆಸರಿನಲ್ಲೇ ಅವುಗಳ ನಂಬರನ್ನು ಅಡಗಿಸಿದರು. ಕ ಇಂದ ಒಂಬತ್ತು ಅಕ್ಷರ, ಟ ಇಂದ ಒಂಬತ್ತು, ಪ ಇಂದ ಐದು, ಯ ಇಂದ ಎಂಟು, ಒಂದೊಂದಕ್ಕೂ ಒಂದು ಅಂಕಿ. ನ, ಞ ಸೊನ್ನೆ. ಒತ್ತಕ್ಷರ ಬಂದರೆ ಕೊನೆಯ ವ್ಯಂಜನ ಲೆಕ್ಕಕ್ಕೆ. ಹೆಸರಿನ ಮೊದಲ ಎರಡಕ್ಷರದ ಅಂಕಿಗಳನ್ನು ತಿರುಗುಮುರುಗು ಮಾಡಿದರೆ ಮೇಳದ ಸಂಖ್ಯೆ. ಮಾಯಾಮಾಳವಗೌಳದಲ್ಲಿ ಮ ಐದು, ಯ ಒಂದು, ತಿರುಗಿಸಿದರೆ ಹದಿನೈದು. ಪುರಂದರದಾಸರು ಸರಳೆ ವರಸೆಗೆ ಆರಿಸಿದರು ಎನ್ನುವ ರಾಗಕ್ಕೆ ಹದಿನೈದನೇ ನಂಬರಿನ ಮನೆ.

ಇದು ಎರಡು ಮಾರ್ಕಿನ ಪ್ರಶ್ನೆ. ನಮ್ಮ ಹಾಸ್ಟೆಲಿನಲ್ಲಿ ಮಾತ್ರ ಅದು ಜ್ಯೋತಿಷ್ಯವಾಯಿತು. ರಾಗಗಳಿಗಷ್ಟೇ ಏಕೆ, ಮನುಷ್ಯರಿಗೂ ಲೆಕ್ಕ ಹಾಕಿದರೇನು? ರೂಮ್‌ಮೇಟ್ ಗಿರಿಜೆಯಿಂದ ಶುರು ಮಾಡಿದೆವು. ಗ ಮೂರು, ರ ಎರಡು, ತಿರುಗಿಸಿದರೆ ಇಪ್ಪತ್ತಮೂರು. ಇಪ್ಪತ್ತಮೂರನೇ ಮೇಳ ಗೌರೀಮನೋಹರಿ! ಗಿರಿಜೆ ಅವತ್ತು ಊಟಕ್ಕೆ ನಡೆದು ಹೋಗಲಿಲ್ಲ, ತೇಲಿ ಹೋದಳು. ಪುಟ್ಟಿ ಎಂಬ ಇನ್ನೊಬ್ಬಳಿಗೆ ಹನ್ನೊಂದು ಬಂತು, ಕೋಕಿಲಪ್ರಿಯ. ಅವಳು ಕೊಳಲಿನ ವಿದ್ಯಾರ್ಥಿನಿ, ದನಿ ಅಷ್ಟಕ್ಕಷ್ಟೆ. ಆದರೂ ಒಂದು ವಾರ ಅಕಾರ ಸಾಧನೆ ಮಾಡಿದಳು.

ಆಮೇಲೆ ಯಾರೋ ರಾಮಾಯಣಕ್ಕೆ ಕೈ ಹಾಕಿದರು. ರಾಮ: ರ ಎರಡು, ಮ ಐದು, ಐವತ್ತೆರಡನೇ ಮೇಳ ರಾಮಪ್ರಿಯ. ಇದರಲ್ಲಿ ಆಶ್ಚರ್ಯವಿಲ್ಲ, ಹೆಸರೇ ಅದು. ಲಕ್ಷ್ಮಣನನ್ನು ನೋಡಿ. ಲ ಮೂರು, ಒತ್ತಕ್ಷರದ ಕೊನೆಯ ಮ ಐದು, ಒಟ್ಟು ಐವತ್ತಮೂರು. ಅಣ್ಣನ ಹಿಂದೆ ಸರಿಯಾಗಿ ಒಂದೇ ಹೆಜ್ಜೆ! ಆ ಮೇಳದ ಹೆಸರು ಗಮನಶ್ರಮ. ಹದಿನಾಲ್ಕು ವರ್ಷ ಕಾಡಿನಲ್ಲಿ ನಡೆದವನಿಗೆ ಬೇರೆ ಯಾವ ಹೆಸರು ಒಪ್ಪೀತು? ಸೀತೆಗೆ ಅರವತ್ತೇಳು, ಸುಚರಿತ್ರ. ಕೈ ಮುಗಿಯಬೇಕು ಎನ್ನಿಸಿತು. ಆದರೆ ಸುಚರಿತ್ರ ವಿವಾದಿ ಮೇಳ, ಅದರ ಸ್ವರಗಳು ಪಕ್ಕಪಕ್ಕದಲ್ಲಿ ಕೂತು ಜಗಳವಾಡುತ್ತವೆ. ಪಾಪ, ಚರಿತ್ರೆ ಎಷ್ಟು ಶುದ್ಧವಾಗಿದ್ದರೂ ಆಕೆಗೆ ವಿವಾದ ತಪ್ಪಲಿಲ್ಲ ಎಂದು ಗಿರಿಜೆ ಕಣ್ಣೊರೆಸಿಕೊಂಡಳು.

ಇನ್ನು ರಾವಣ. ರ ಎರಡು, ವ ನಾಲ್ಕು, ನಲವತ್ತೆರಡು. ಮೇಳಕರ್ತದ ಚಾರ್ಟಿನ ಮೇಲೆ ಬೆರಳಿಟ್ಟು ಹುಡುಕಿದ ಹುಡುಗಿ ಕಿರುಚಿದಳು. ನಲವತ್ತೆರಡನೇ ಮೇಳ ರಘುಪ್ರಿಯ! ಅದೂ ವಿವಾದಿ ಮೇಳವೇ, ಪೂರ್ವಾಂಗದಲ್ಲೂ ಜಗಳ, ಉತ್ತರಾಂಗದಲ್ಲೂ ಜಗಳ. ವೈರದಿಂದಲೇ ಭಕ್ತಿ ಎಂಬ ಮಾತನ್ನು ನಮ್ಮಜ್ಜಿ ಹೇಳುವಾಗ ಅರ್ಧ ಕಿವಿಯಲ್ಲಿ ಕೇಳುತ್ತಿದ್ದ ನಾನು ಆ ರಾತ್ರಿ ಚಾರ್ಟಿನ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ. ಈ ಹೆಸರುಗಳನ್ನು ಇಟ್ಟವರು ಇದನ್ನೆಲ್ಲ ಯೋಚಿಸಿರಲಾರರು, ಅಂಕಿಗೆ ಒಪ್ಪುವ ಅಕ್ಷರ ಹುಡುಕಿದ್ದಾರೆ ಅಷ್ಟೆ. ಆದರೂ.

ಸಂತೋಷ ಮೂರು ದಿನ ಬಾಳಿತು. ನಾಲ್ಕನೇ ದಿನ ಯಾರೋ ಕೈಕೇಯಿಯ ಲೆಕ್ಕ ಹಾಕಿದರು. ಹನ್ನೊಂದು. ಕೋಕಿಲಪ್ರಿಯ. ಪುಟ್ಟಿ ನಮ್ಮೊಂದಿಗೆ ಮಾತು ಬಿಟ್ಟಳು.

ಊರುಗಳ ಮೇಲೂ ಪ್ರಯೋಗವಾಯಿತು. ನಮ್ಮ ಜೊತೆ ಧಾರವಾಡದ ಹುಡುಗಿಯೊಬ್ಬಳಿದ್ದಳು. ತಂದೆಗೆ ವರ್ಗವಾಗಿ ಮೈಸೂರಿಗೆ ಬಂದವಳು, ಇಡ್ಲಿಯನ್ನು ಅನುಮಾನದಿಂದ ನೋಡುತ್ತಿದ್ದವಳು. ಧಾರವಾಡಕ್ಕೆ ಬಂದದ್ದು ಇಪ್ಪತ್ತೊಂಬತ್ತು, ಧೀರಶಂಕರಾಭರಣ. ಮೈಸೂರಿಗೆ? ಮ ಐದು, ಸ ಏಳು, ಎಪ್ಪತ್ತೈದು. ಎಪ್ಪತ್ತೆರಡಕ್ಕೇ ಮುಗಿಯುವ ಪಟ್ಟಿಯಲ್ಲಿ ಎಪ್ಪತ್ತೈದನ್ನು ಎಲ್ಲಿ ತರುವುದು? ಮುಕ್ಕಣ್ಣನೇ ಕೈ ಚೆಲ್ಲಿದ ಮೇಲೆ ಚಾಮುಂಡೇಶ್ವರಿ ಏನು ಮಾಡಿಯಾಳು? ‘ಅಯ್ಯ, ನಿಮ್ಮ ಮೈಸೂರಿಗೆ ರಾಗನ ಇಲ್ಲಲ್ಲವಾ!’ ಎಂದು ಆಕೆ ಕಾರಿಡಾರಿನಲ್ಲಿ ಕೂಗಿಕೊಂಡು ಹೋದಳು. ‘ನಮ್ಮ ಬಿಲಾವಲ ಅಂದ್ರ ನಿಮ್ಮ ಶಂಕರಾಭರಣ. ಭಾತಖಂಡೆ ಅವರು ಇಲ್ಲಿತನಕ ಬಂದು ನಿಮ್ಮ ಎಪ್ಪತ್ತೆರಡೂ ನೋಡಿ, ಇಷ್ಟ್ಯಾಕ ಬೇಕು ಅಂತ ಹತ್ತ ಥಾಟ್ ಇಟಗೊಂಡು ಹೋದ್ರು.’ 1904ರಲ್ಲಿ ಅವರು ದಕ್ಷಿಣದ ಪ್ರವಾಸ ಮಾಡಿ ವೆಂಕಟಮಖಿಯ ಪದ್ಧತಿಯನ್ನು ತಿಳಿದುಕೊಂಡದ್ದು ನಮ್ಮ ಗ್ರಂಥ ಪರಿಚಯದಲ್ಲೇ ಇದ್ದುದರಿಂದ ನಾವು ಎದುರು ಮಾತಾಡುವಂತಿರಲಿಲ್ಲ.

ಥಿಯರಿ ಪರೀಕ್ಷೆಯ ದಿನದ್ದೊಂದು ಸಂಗತಿಯನ್ನು ಹೇಳದಿದ್ದರೆ ಆ ಪೇಪರಿಗೆ ಅನ್ಯಾಯ. ‘ಈ ಕೃತಿಯ ಪಲ್ಲವಿಯನ್ನು ಸ್ವರಸಹಿತ ಬರೆಯಿರಿ’ ಎಂಬ ಪ್ರಶ್ನೆ ಕಡ್ಡಾಯ. ಹಾಡಿಕೊಳ್ಳದೆ ಸ್ವರ ಬರೆಯುವುದು ಯಾರಿಂದಲೂ ಆಗದ ಕೆಲಸ. ಅಂದು ಸೂಪರ್‌ವಿಷನ್ನಿಗೆ ಬಂದವರು ಬೇರೆ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು. ಮೊದಲು ಹಾಲಿನ ಮೂಲೆಯಿಂದ ಸಣ್ಣ ಗುಂಯ್‌ಗುಟ್ಟುವಿಕೆ, ಆಮೇಲೆ ಇನ್ನೊಂದು ಮೂಲೆ. ಅವರು ಫ್ಯಾನು ಆಫ್ ಮಾಡಿಸಿದ್ದಾಯಿತು, ಸದ್ದು ನಿಲ್ಲಲಿಲ್ಲ. ಅಷ್ಟರಲ್ಲಿ ಅವರ ಕಣ್ಣಿಗೆ ಇನ್ನೂ ಭಯಂಕರವಾದ್ದು ಬಿತ್ತು. ಪ್ರತಿ ಹುಡುಗಿಯೂ ಎಡಗೈಯಲ್ಲಿ ತೊಡೆ ತಟ್ಟಿ, ಕಿರುಬೆರಳು, ಉಂಗುರಬೆರಳು, ನಡುಬೆರಳು ಎಣಿಸಿ, ಮತ್ತೆ ತಟ್ಟಿ, ಅಂಗೈ ಮಗುಚುತ್ತಿದ್ದಳು. ನಾವು ಆದಿತಾಳ ಹಾಕುತ್ತಿದ್ದೆವು. ಅವರಿಗದು ಒಂದಂಕಿ ಪ್ರಶ್ನೆಗಳ ಉತ್ತರವನ್ನು ಸನ್ನೆಯಲ್ಲಿ ದಾಟಿಸುವ ಜಾಲವಾಗಿ ಕಂಡಿತು. ‘ಒಬ್ಬರೂ ಕೈ ಅಲ್ಲಾಡಿಸಕೂಡದು!’ ಎಂದು ಗುಡುಗಿದರು. ಮುಂದಿನ ಹತ್ತು ನಿಮಿಷ ನಾವೆಲ್ಲ ಚಪ್ಪಲಿಯೊಳಗೆ ಕಾಲಿನ ಹೆಬ್ಬೆರಳಲ್ಲಿ ತಾಳ ಹಾಕಿ ಬರೆದೆವು. ನನ್ನ ಪಲ್ಲವಿಯಲ್ಲಿ ಅರ್ಧ ಅಕ್ಷರ ಎಲ್ಲೋ ಕಳೆದುಹೋಗಿದ್ದು ಆ ಚಪ್ಪಲಿಯ ದೆಸೆಯಿಂದ.

ಪ್ರಾಕ್ಟಿಕಲ್ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಗಡಿಯಾರ ನೋಡುತ್ತಾ ‘ಕಲ್ಯಾಣಿ, ಮೂರು ನಿಮಿಷದಲ್ಲಿ’ ಎನ್ನುತ್ತಾರೆ. ಮನೋಧರ್ಮಕ್ಕೆ ಇಷ್ಟು ಮಾರ್ಕು ಎಂದು ಅಚ್ಚಾಗಿರುವ ಹಾಳೆ ಅವರ ಮುಂದಿರುತ್ತದೆ. ಕೊಟ್ಟರೆ ತಗೊಂಡೆವು.

ಪದವಿ ಮುಗಿದ ಮೇಲೆ ಬಿ.ಇಡಿ. ಆಯಿತು, ಕೆಲಸವೂ ಸಿಕ್ಕಿತು. ಸಂಗೀತ ಟೀಚರು ಎಂದರೆ ಪ್ರಾರ್ಥನೆಯ ಉಸ್ತುವಾರಿ ಎಂದೇ ಹೆಡ್‌ಮಾಸ್ಟರುಗಳ ತಿಳಿವಳಿಕೆ. ನಾಡಗೀತೆಯ ಧಾಟಿಯ ಜಗಳ ಎಷ್ಟೋ ವರ್ಷ ನನ್ನ ತಲೆಯ ಮೇಲೇ ಇತ್ತು. ಅರ್ಧ ಮಕ್ಕಳು ಅನಂತಸ್ವಾಮಿಯವರ ಧಾಟಿಯಲ್ಲಿ, ಇನ್ನರ್ಧ ಅಶ್ವತ್ಥರ ಧಾಟಿಯಲ್ಲಿ ಹಿಡಿದು ನಡುವೆ ಎಲ್ಲೋ ಡಿಕ್ಕಿ ಹೊಡೆಯುತ್ತಿದ್ದರು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಆದೇಶ ಹೊರಡಿಸಿದ ಮೇಲೆ ನನ್ನ ಬೆಳಗುಗಳು ಶಾಂತವಾದವು.

ಈಗ ನನ್ನ ತಮ್ಮನ ಮಗಳು ಮೈಸೂರಿನಲ್ಲೇ ಸಂಗೀತದ ಪದವಿ ಮುಗಿಸಿ ಎಂ.ಎ.ಗೆ ಸೇರಿದ್ದಾಳೆ. ಅವಳಿಗೆ ಶ್ರುತಿಪೆಟ್ಟಿಗೆ ಹೊರುವ ಕಷ್ಟವಿಲ್ಲ, ಫೋನಿನಲ್ಲೇ ತಂಬೂರಿ. ಕಟಪಯಾದಿಯನ್ನು ಮಾತ್ರ ನಾನೇ ಅವಳಿಗೆ ಚಿಕ್ಕಂದಿನಲ್ಲಿ ಮಗ್ಗಿಯ ಬದಲು ಹೇಳಿಕೊಟ್ಟಿದ್ದೆ. ಮೊನ್ನೆ ಫೋನು ಮಾಡಿದಳು.

‘ಅತ್ತೆ, ಮನೇಲಿ ಒಂದು ಹುಡುಗನ್ನ ನೋಡಿದಾರೆ. ಮಾತಾಡಿದೆ. ಪರವಾಗಿಲ್ಲ ಅನ್ನಿಸ್ತು.’

‘ಒಳ್ಳೇದಾಯ್ತಲ್ಲ. ಹೆಸರು?’

‘ರವಿ.’

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳೂ ಆಡಲಿಲ್ಲ. ರ ಎರಡು, ವ ನಾಲ್ಕು.

‘ಜಾತಕ ಕೂಡಿದೆಯಂತಾ?’ ಎಂದೆ ಕೊನೆಗೆ.

‘ಜಾತಕ ಕೂಡಿದೆ ಅತ್ತೆ. ಇದೊಂದೇ. ಅದಕ್ಕೇ ನಿಮಗೆ ಮೊದಲು ಫೋನ್ ಮಾಡಿದ್ದು. ನಾನಂತೂ ಒಪ್ಪಿಕೊಂಡಾಯ್ತು. ವಿವಾದಿ ಮೇಳ ಹಾಡಿದ್ರೆ ನಮ್ಮ ಎಕ್ಸ್‌ಟರ್ನಲ್ ಜಾಸ್ತಿ ಮಾರ್ಕ್ಸ್ ಕೊಡ್ತಾರೆ.’